20 ಬೋರ್ ಸೆಮಿ ಆಟೋಮ್ಯಾಟಿಕ್ ತಗೊಂಡರೆ ಭುಜ ಉಳಿಯುತ್ತಾ?

ಮಂಡ್ಯದವಳು:
ಎಲ್ಲರಿಗೂ ನಮಸ್ಕಾರ. ಕ್ಲೇ ಶೂಟಿಂಗ್ (ಗಾಳಿಗೆ ಎಸೆದ ಬಿಲ್ಲೆಯನ್ನು ಕೋವಿಯಿಂದ ಹೊಡೆಯುವ ಆಟ) ಕಲಿಯಲು ಶುರು ಮಾಡಿ ಮೂರು ತಿಂಗಳಾಯಿತು, ನನ್ನ ತೂಕ 48 ಕೆಜಿ. ತರಬೇತಿಯಲ್ಲಿ ಕೊಡುವ 12 ಬೋರ್ ಡಬಲ್ ಬ್ಯಾರಲ್‌ನಲ್ಲಿ 25 ತೋಟಾ ಹೊಡೆದರೆ ಸಾಕು, ರಾತ್ರಿ ಭುಜ ನೀಲಿಗಟ್ಟಿರುತ್ತದೆ, ಮಾರನೇ ದಿನ ಬಿಂದಿಗೆ ಎತ್ತೋಕೂ ಆಗಲ್ಲ. ಹಗುರವಾದ 20 ಬೋರ್ ಸೆಮಿ ಆಟೋ (ಒಂದು ಹೊಡೆದ ಮೇಲೆ ಮುಂದಿನ ತೋಟಾ ತಾನೇ ಬಂದು ಕೂರುವ ಕೋವಿ) ತಗೋ ಅಂತ ಎಲ್ಲರೂ ಹೇಳುತ್ತಿದ್ದಾರೆ. ಸರೀನಾ? ತಾತ ಕೆರೆಯಲ್ಲಿ ಬಾತು ಹೊಡೆಯುತ್ತಿದ್ದರು, ಬೇಟೆಗೂ ಅದೇ ಆಗುತ್ತಾ ಅಂತ ತಮ್ಮ ಕೇಳುತ್ತಿದ್ದಾನೆ.

ಹಳೇ ಕೋವಿ, ಮೈಸೂರು:
ನೋಡಮ್ಮಾ, ಬೋರ್ ಚಿಕ್ಕದಾದ ಮಾತ್ರಕ್ಕೆ ಒದೆತ ಕಮ್ಮಿ ಆಗಲ್ಲ. ಒಂದು ಪೌಂಡ್ ಸೀಸದಲ್ಲಿ ಸಮನಾದ 12 ಗುಂಡು ಮಾಡಿದರೆ ಒಂದೊಂದರ ಅಗಲ ಎಷ್ಟೋ, ಬ್ಯಾರಲ್ ಒಳಗೂ ಅಷ್ಟೇ ಅಗಲ ಇದ್ದರೆ ಅದು 12 ಬೋರ್, 20 ಮಾಡಿದರೆ 20 ಬೋರ್, ಅಷ್ಟೇ ವ್ಯತ್ಯಾಸ. ಒದೆಯುವುದು ತೋಟಾದ ಭಾರ, ತಡೆಯುವುದು ಕೋವಿಯ ಭಾರ. 24 ಗ್ರಾಂ ಚರೆಯನ್ನು (ತೋಟಾದೊಳಗಿನ ಸಣ್ಣ ಗುಂಡುಗಳನ್ನು) ಅದೇ ವೇಗದಲ್ಲಿ 2.7 ಕೆಜಿಯ 20 ಬೋರ್‌ನಲ್ಲಿ ಹೊಡೆದರೆ, 3.4 ಕೆಜಿಯ 12 ಬೋರ್‌ಗಿಂತ ಜಾಸ್ತಿನೇ ಒದೆಯುತ್ತದೆ.

ನಿನಗೆ ಬೇಕಿರುವುದು ಗ್ಯಾಸ್‌ನಲ್ಲಿ ನಡೆಯುವ ಸೆಮಿ ಆಟೋ. ತೋಟಾ ಸಿಡಿದಾಗ ಸ್ವಲ್ಪ ಗ್ಯಾಸ್ ಪಿಸ್ಟನ್ ತಳ್ಳುತ್ತದೆ, ಏಟು ಒಂದೇ ಸಲ ಬಡಿಯದೆ ನೂಕಿದ ಹಾಗೆ ಬರುತ್ತದೆ. ಪಿಸ್ಟನ್ ಮೇಲೆ ಮಸಿ ಕೂರುತ್ತದೆ, ಒರೆಸದಿದ್ದರೆ ಕಚ್ಚಿಕೊಳ್ಳುತ್ತದೆ. ಕೆಲವು ಕೋವಿಗಳು 24 ಗ್ರಾಂ ತೋಟಾಕ್ಕೆ ಸರಿಯಾಗಿ ಓಡಲ್ಲ, ಹಣ ಕೊಡುವ ಮೊದಲೇ ಕೇಳು. ನಮ್ಮ ಕಡೆ ಅಂಗಡಿಯಲ್ಲಿ ಸಿಗುವ ತೋಟಾ ಹೆಚ್ಚಾಗಿ 12 ಬೋರ್‌ದೇ, ಅದನ್ನೂ ನೆನಪಿಡು.

ಮತ್ತೆ, ಹಿಡಿ, ಅಂದರೆ ಭುಜಕ್ಕೆ ಆನಿಸುವ ಹಿಂದಿನ ಭಾಗ, ನಿನಗೆ ಉದ್ದವಾಗಿದೆಯಾ? ಭುಜಕ್ಕೂ ಹಿಡಿಗೂ ಮಧ್ಯೆ ಬೆರಳು ತೂರುವಷ್ಟು ಸಂದು ಇದ್ದರೂ ಯಾವ ಕೋವಿಯಾದರೂ ಗುದ್ದುತ್ತದೆ. ನನ್ನ ಅನುಮಾನ ಮೊದಲು ಅದರ ಮೇಲೇ.

ಮದ್ದೂರು ಹುಣಸೆ:
ಬೇಟೆ ವಿಷಯ ತಮ್ಮನಿಗೆ ಸ್ಪಷ್ಟವಾಗಿ ಹೇಳಿಬಿಡಿ ಅಕ್ಕ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಈಗ ಬಾತು, ಕೊಕ್ಕರೆ, ಕೌಜುಗ ಯಾವುದನ್ನೂ ಹೊಡೆಯುವಂತಿಲ್ಲ. ಲೈಸೆನ್ಸ್ ಇರುವುದು ಕೋವಿಗೆ, ಬೇಟೆಗಲ್ಲ. ನಮ್ಮ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ (ಪೆಲಿಕನ್ ಹಕ್ಕಿ) ಬಂದರೆ ಬಾಣಂತನಕ್ಕೆ ಬಂದ ಮಗಳು ಅಂತಾರೆ, ಮನೆ ಹಿಂದಿನ ಹುಣಸೆ ಮರವನ್ನೇ ಬಿಟ್ಟುಕೊಡುತ್ತಾರೆ. ಅವನನ್ನು ಒಂದು ಸಲ ಕರೆದುಕೊಂಡು ಬನ್ನಿ. ಹಾರುವುದನ್ನೇ ಹೊಡೆಯಬೇಕು ಅಂದರೆ 110 ಮಿಲಿಮೀಟರ್ ಅಗಲದ ಕ್ಲೇ ಇದೆಯಲ್ಲ.

ಹಳೇ ಕೋವಿ, ಮೈಸೂರು:
ಒಂದು ಮಾತು ಬಿಟ್ಟಿದ್ದೆ. 20 ಬೋರ್ ತೋಟಾ ಸಾಮಾನ್ಯವಾಗಿ ಹಳದಿ ಇರುತ್ತದೆ, ಸುಮ್ನೆ ಅಲ್ಲ. ಅದು 12 ಬೋರ್ ಕೋವಿಯೊಳಗೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಖಾಲಿ ಅಂದುಕೊಂಡು ಹಿಂದಿನಿಂದ 12ರ ತೋಟಾ ಹಾಕಿ ಹೊಡೆದರೆ ಬ್ಯಾರಲ್ ಒಡೆದು ಕೈಯೇ ಹೋಗಬಹುದು. ಎರಡೂ ತೋಟಾ ಒಂದೇ ಜೇಬಿನಲ್ಲಿ ಯಾವತ್ತೂ ಬೇಡ.

ಮಂಡ್ಯದವಳು:
ಅಣ್ಣಾ, ಈಗ ತಾನೇ ಕನ್ನಡಿ ಮುಂದೆ ಉದ್ದನೆಯ ಛತ್ರಿ ಹಿಡಿದು ನಿಂತು ನೋಡಿದೆ, ಕೋವಿ ಹಿಡಿಯುವ ಹಾಗೇ. ನಾನು ಹಿಡಿಯನ್ನು ಭುಜದ ಗುಳಿಗಲ್ಲ, ತೋಳಿನ ಮೇಲೆ ಇಡುತ್ತಿದ್ದೇನೆ. ನೀಲಿ ಆಗಿರುವುದೂ ಅಲ್ಲೇ. ಈ ಭಾನುವಾರ ಮೊದಲು ಅದನ್ನು ಸರಿ ಮಾಡಿಕೊಳ್ಳುತ್ತೇನೆ, ಕೋವಿ ಆಮೇಲೆ.