56 ಅಂಕದವರೂ 38 ಅಂಕದವರೂ ಒಂದೇ ಫೈನಲ್ ಆಡೋದು ಸರಿನಾ?

ದಾವಣಗೆರೆ ಅಪ್ಪ:
ನಾನು ಕ್ರಿಕೆಟ್ ನೋಡಿ ಬೆಳೆದವನು. ಫುಟ್‌ಬಾಲ್ ಹುಚ್ಚು ಮಗಳದ್ದು, ಈಗ ಎಂಟನೇ ಕ್ಲಾಸು. ಮೊನ್ನೆ, 2025ರ ಏಪ್ರಿಲ್ 12ರಂದು, ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್) ಫೈನಲ್ ಇಬ್ಬರೂ ಕೂತು ನೋಡಿದೆವು. ಬೆಂಗಳೂರು ಎಫ್‌ಸಿ ಮೊದಲು ಮುಂದಿತ್ತು. ಆಮೇಲೆ ಕೋಲ್ಕತ್ತದ ಮೋಹನ್ ಬಗಾನ್‌ನ ಕಮಿಂಗ್ಸ್ ಪೆನಾಲ್ಟಿ ಹೊಡೆದ, ಹೆಚ್ಚುವರಿ ಸಮಯದಲ್ಲಿ ಮೆಕ್ಲಾರೆನ್ ಕಥೆ ಮುಗಿಸಿದ. ಮಗಳು ಊಟ ಬಿಟ್ಟು ಮಲಗಿದಳು.

ಬೆಳಿಗ್ಗೆ ಎದ್ದವಳೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ ಅಂಕಪಟ್ಟಿ ತಂದು ನನ್ನ ಮುಂದೆ ಹಿಡಿದಳು. "ಅಪ್ಪಾ, ಬಗಾನ್‌ಗೆ 56 ಅಂಕ. ನಮಗೆ 38. ನಿನ್ನೆ ನಾವೇ ಗೆದ್ದಿದ್ದರೆ ನಾವು ಚಾಂಪಿಯನ್ನಾ? ಅದು ಮೋಸ ಅಲ್ವಾ?"

ನನಗೆ ಉತ್ತರ ಹೇಳಲು ಆಗಲಿಲ್ಲ. ಶೀಲ್ಡ್ ಬೇರೆ, ಕಪ್ ಬೇರೆ ಅಂತಾರೆ. ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಲೆಕ್ಕದ ಮೇಷ್ಟ್ರು:
ಸರ್, ಲೆಕ್ಕ ಇಷ್ಟೇ. ಈ ಸಲ, ಅಂದ್ರೆ 2024-25ರಲ್ಲಿ, 13 ತಂಡ, ತಲಾ 24 ಪಂದ್ಯ. ಮೊದಲು ಬಂದವರಿಗೆ, ಅಂದ್ರೆ ಬಗಾನ್‌ಗೆ, ಲೀಗ್ ಶೀಲ್ಡ್. ಮೊದಲ ಎರಡು ತಂಡ ನೇರವಾಗಿ ಸೆಮಿಫೈನಲ್‌ಗೆ. ಮೂರರಿಂದ ಆರರವರೆಗಿನವರು ನಾಕೌಟ್ ಆಡಬೇಕಿತ್ತು, ಒಂದೇ ಪಂದ್ಯ, ಪಟ್ಟಿಯಲ್ಲಿ ಮೇಲಿದ್ದವರ ಊರಲ್ಲಿ. ನಮ್ಮವರು ಮುಂಬೈಗೆ 5-0 ಬಾರಿಸಿದ್ದು ಅಲ್ಲೇ. ಸೆಮಿ ಎರಡು ಪಂದ್ಯ, ಎರಡರ ಗೋಲು ಕೂಡಿಸಿದರು. ಫೈನಲ್ ಗೆದ್ದವರಿಗೆ ಕಪ್. ಐಪಿಎಲ್‌ನಲ್ಲಿ ಮೊದಲೆರಡು ತಂಡಕ್ಕೆ ಸೋತರೂ ಇನ್ನೊಂದು ಚಾನ್ಸ್ ಇರುತ್ತೆ. ಇಲ್ಲಿ ಇರಲಿಲ್ಲ.

ವೆಸ್ಟ್ ಬ್ಲಾಕ್ ಹಳೇ ಗಿರಾಕಿ:
ನಿಮ್ಮ ಮಗಳು ಕೇಳಿದ್ದು ನನ್ನ ಏಳು ವರ್ಷದ ಹಳೇ ಗಾಯ ಸರ್.

2018ರ ಮಾರ್ಚ್ 17. ಕಂಠೀರವದಲ್ಲೇ ಚೆನ್ನೈಯಿನ್ ವಿರುದ್ಧ ಫೈನಲ್. ಐಎಸ್‌ಎಲ್‌ನಲ್ಲಿ ನಮ್ಮದು ಮೊದಲ ವರ್ಷ. 18 ಪಂದ್ಯಕ್ಕೆ 40 ಅಂಕ ಮಾಡಿದ್ದೆವು. ಎರಡನೇ ಸ್ಥಾನದ ಚೆನ್ನೈಯಿನ್‌ಗೆ 32. ಎಂಟು ಅಂಕ ಅಂತರ! ಇಂಗ್ಲೆಂಡ್‌ನಲ್ಲಾಗಿದ್ದರೆ ಅಷ್ಟೊತ್ತಿಗೆ ಮೆರವಣಿಗೆ ಮುಗಿಸಿ ಮನೆಗೆ ಹೋಗಿರುತ್ತಿದ್ದೆವು. ಇಲ್ಲಿ ಆಗಿನ್ನೂ ಶೀಲ್ಡ್ ಅನ್ನೋದೇ ಇರಲಿಲ್ಲ, ಅದು ಬಂದಿದ್ದು 2019-20ರಲ್ಲಿ. ಅಂದ್ರೆ ನಾಲ್ಕು ತಿಂಗಳು ಎಲ್ಲರನ್ನೂ ಹೊಡೆದು ಮೇಲೆ ಕೂತಿದ್ದಕ್ಕೆ ಒಂದು ತಟ್ಟೆಯೂ ಇಲ್ಲ.

ಒಂಬತ್ತನೇ ನಿಮಿಷ. ಉದಾಂತ ಬಲಗಡೆಯಿಂದ ಚೆಂಡು ಕಳಿಸಿದ, ಛೆಟ್ರಿ ಹಾರಿ ತಲೆ ಕೊಟ್ಟ. ಗೋಲು. ಪಕ್ಕದಲ್ಲಿದ್ದವರು ಯಾರೋ ಏನೋ, ನನ್ನನ್ನು ತಬ್ಬಿಕೊಂಡ ರಭಸಕ್ಕೆ ನನ್ನ ಕನ್ನಡಕ ಕೆಳಗೆ ಬಿತ್ತು. ಬಗ್ಗಿ ಕಾಲುಗಳ ನಡುವೆ ತಡಕಾಡುತ್ತಿದ್ದೆ. ತಲೆ ಎತ್ತಿದಾಗ ಸ್ಟ್ಯಾಂಡ್ ತಣ್ಣಗಾಗಿತ್ತು. ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್, ಕಾರ್ನರ್‌ನಿಂದ ಹೆಡ್ಡರ್. 45ನೇ ನಿಮಿಷಕ್ಕೆ ಮತ್ತದೇ ಕಾರ್ನರ್, ಅದೇ ತಲೆ. ಕೊನೆಗೆ 2-3. ಅವತ್ತು ನಾನೂ ನಿಮ್ಮ ಮಗಳ ಹಾಗೇ ಬೈದೆ. ಇದೆಂಥ ಪದ್ಧತಿ, ವರ್ಷವೆಲ್ಲ ಓದಿ ರ‍್ಯಾಂಕ್ ಬಂದವನನ್ನು ಮತ್ತೆ ಬಾಯಿಪಾಠ ಒಪ್ಪಿಸು ಅಂದ ಹಾಗೆ!

ಮರುವರ್ಷ ಮುಂಬೈನಲ್ಲಿ ಗೋವಾ ವಿರುದ್ಧ ಫೈನಲ್. ಲೀಗ್‌ನಲ್ಲಿ ಇಬ್ಬರಿಗೂ 34 ಅಂಕ, ಆದರೂ ಪಟ್ಟಿಯಲ್ಲಿ ನಾವೇ ಮೇಲೆ. 117ನೇ ನಿಮಿಷದವರೆಗೆ 0-0. ಆಗ ದಿಮಾಸ್ ಕಾರ್ನರ್, ರಾಹುಲ್ ಭೇಕೆ ತಲೆ, ಗೋಲು. ಕಾರ್ನರ್‌ನಲ್ಲೇ ಕಳಕೊಂಡಿದ್ದು ಕಾರ್ನರ್‌ನಲ್ಲೇ ಬಂತು. ಪಟ್ಟಿಯಲ್ಲಿ ಮೊದಲು ಬಂದ ತಂಡ ಕಪ್ಪೂ ಗೆದ್ದಿದ್ದು ಐಎಸ್‌ಎಲ್‌ನಲ್ಲಿ ಅದೇ ಮೊದಲು.

ಆದರೆ ನನ್ನ ಬಾಯಿ ಮುಚ್ಚಿಸಿದ್ದು 2023. ನಾವು ನಾಲ್ಕನೇ ಸ್ಥಾನ. ಪ್ಲೇಆಫ್ ಇಲ್ಲದಿದ್ದರೆ ಸೀಸನ್ ಅಲ್ಲಿಗೇ ಮುಗೀತಿತ್ತು. ನಾಕೌಟ್‌ನಲ್ಲಿ ಕೇರಳ ಬ್ಲಾಸ್ಟರ್ಸ್. 90 ನಿಮಿಷ 0-0. ಹೆಚ್ಚುವರಿ ಸಮಯದಲ್ಲಿ ಫ್ರೀಕಿಕ್. ಅವರ ಗೋಲಿ ಗೋಡೆ ನಿಲ್ಲಿಸುತ್ತಿದ್ದ. ಇನ್ನೂ ಟೈಮ್ ಇದೆ ಅಂತ ನಾನು ಕಡ್ಲೆಕಾಯಿ ಪೊಟ್ಟಣ ಬಿಚ್ಚುತ್ತಾ ಇದ್ದೆ. ಛೆಟ್ರಿ ಸುಮ್ನೆ ಎತ್ತಿ ಒಳಗೆ ಹಾಕಿಬಿಟ್ಟ! ಅವರ ಕೋಚ್ ತಂಡವನ್ನೇ ಮೈದಾನದಿಂದ ಹೊರಗೆ ಕರಕೊಂಡು ಹೋದರು. ನಂತರ ಸೆಮಿಯಲ್ಲಿ ಶೀಲ್ಡ್ ಗೆದ್ದ ಮುಂಬೈಯನ್ನು ಶೂಟೌಟ್‌ನಲ್ಲಿ 9-8ಕ್ಕೆ ಮನೆಗೆ ಕಳಿಸಿದೆವು. 2018ರಲ್ಲಿ ನಮಗಾದದ್ದೇ ಅವರಿಗಾಯಿತು. ಆಗ ಮೋಸ ಅಂತ ನಾನೇನೂ ಕೂಗಲಿಲ್ಲ, ಕುಣಿದೆ.

ಮಗಳಿಗೆ ಹೇಳಿ: ಮೋಸ ಅಲ್ಲ, ಎರಡು ಬೇರೆ ಬೇರೆ ಪಂದ್ಯಾವಳಿ ಅಂದುಕೊಳ್ಳಲಿ. ಆದರೆ ನನ್ನ ಕೇಳಿದರೆ ಶೀಲ್ಡೇ ದೊಡ್ಡದು. ಕಪ್ಪಿಗೆ ಗಲಾಟೆ ಜಾಸ್ತಿ, ಅಷ್ಟೇ.

ಕಾಸರಗೋಡು ಹಳದಿ:
ಆ ಫ್ರೀಕಿಕ್ ರಾತ್ರಿ ನಾನೂ ಕಂಠೀರವದಲ್ಲಿದ್ದೆ ಮಾರಾಯ್ರೆ, ಹಳದಿ ಅಂಗಿ ಹಾಕಿಕೊಂಡು! ಮನೆಯಲ್ಲಿ ಕನ್ನಡ, ಫುಟ್‌ಬಾಲ್‌ಗೆ ಮಾತ್ರ ಕೇರಳ. ಕಡ್ಲೆಕಾಯಿ ತಿನ್ನುತ್ತಾ ಗೋಲು ತಪ್ಪಿಸಿಕೊಂಡ ನಿಮಗೇ ಅಷ್ಟು ಖುಷಿಯಾದರೆ, ಕಣ್ಣಾರೆ ನೋಡಿದ ನನ್ನ ಹೊಟ್ಟೆಗೆ ಏನಾಗಿರಬೇಡ. ಹೊರಗೆ ಹೋದದ್ದಕ್ಕೆ ನಮ್ಮ ಕ್ಲಬ್ಬಿಗೆ 4 ಕೋಟಿ ದಂಡ, ಕೋಚ್‌ಗೆ 10 ಪಂದ್ಯ ನಿಷೇಧ. ಅವರು ಹೋಗಬಾರದಿತ್ತು, ಅದು ಬೇರೆ ಮಾತು.

ಆದರೆ ಪ್ಲೇಆಫ್ ಬೇಡ ಅಂತ ನಾನು ಹೇಳುವುದಿಲ್ಲ. 2022ರಲ್ಲಿ ನಾವು ಕೂಡ ನಾಲ್ಕನೇ ಸ್ಥಾನದಿಂದ ಬಂದು, ಶೀಲ್ಡ್ ಗೆದ್ದ ಜಮ್‌ಶೆಡ್‌ಪುರವನ್ನು ಸೆಮಿಯಲ್ಲಿ ಸೋಲಿಸಿದವರು. ಫೈನಲ್ ಮಾತ್ರ ಹೈದರಾಬಾದ್‌ಗೆ ಹೋಯಿತು, ಶೂಟೌಟ್‌ನಲ್ಲಿ. 2014, 2016, 2022. ಮೂರು ಫೈನಲ್, ಮೂರೂ ಸೋಲು. ನಿಮ್ಮ ಗಾಯಕ್ಕೆ ಔಷಧಿಯಾದರೂ ಸಿಕ್ಕಿತು. ನಮಗೆ ಕಪ್ಪೂ ಇಲ್ಲ, ಶೀಲ್ಡೂ ಇಲ್ಲ.

ದಾವಣಗೆರೆ ಅಪ್ಪ:
ಎಲ್ಲ ಓದಿ ಹೇಳಿದೆ. ಮಗಳು ಗಿರಾಕಿ ಅಂಕಲ್ ಪಕ್ಷ, ಶೀಲ್ಡೇ ದೊಡ್ಡದಂತೆ. ನೋಟ್‌ಬುಕ್ಕಿನಲ್ಲಿ ಬಗಾನ್ ಹೆಸರಿನ ಮುಂದೆ ಎರಡು ನಕ್ಷತ್ರ ಹಾಕಿದ್ದಾಳೆ, ಹಲ್ಲು ಕಚ್ಚಿಕೊಂಡೇ. ಕಾಸರಗೋಡು ಅಂಕಲ್ ಪಾಪ ಅಂದಳು. ಇನ್ನೊಂದು ಕೇಳು ಅಂತಿದ್ದಾಳೆ: ಕನ್ನಡಕ ಸಿಕ್ತಾ?

ವೆಸ್ಟ್ ಬ್ಲಾಕ್ ಹಳೇ ಗಿರಾಕಿ:
ಸಿಕ್ಕಿತು ಪುಟ್ಟಿ. ಒಂದೇ ಗಾಜು ಇತ್ತು. ಉಳಿದ ಮೂರು ಗೋಲು ಅದರಲ್ಲೇ ನೋಡಿದೆ.