ಚಳಿಗೂ ‘ಸ್ಟಾರ್ವ್’ ಆಗ್ತಾರಾ?

ಪ್ರಶ್ನೆ:
19ನೇ ಶತಮಾನದ ಒಂದು ಇಂಗ್ಲಿಷ್ ಕಾದಂಬರಿಯಲ್ಲಿ ಉತ್ತರ ಇಂಗ್ಲೆಂಡಿನ ಪಾತ್ರವೊಂದು ಹೊರಗಿನಿಂದ ಬಂದು, ಬೆಂಕಿ ಮುಂದೆ ಕೂತು ‘ಸ್ಟಾರ್ವ್ಡ್’ ಅನ್ನುತ್ತೆ. ಊಟದ ಸುದ್ದಿಯೇ ಇಲ್ಲ. ‘ಸ್ಟಾರ್ವ್’ ಅಂದ್ರೆ ಹಸಿವಿನಿಂದ ಸಾಯೋದು ತಾನೆ?

ಉತ್ತರ 1:
ಅಲ್ಲಿ ‘ಚಳಿಗೆ ಮರಗಟ್ಟಿದ್ದೀನಿ’ ಅಂತ ಓದಿಕೊಳ್ಳಿ. ಹಳೆಯ ಇಂಗ್ಲಿಷಿನ ‘ಸ್ಟೆಯೊರ್ಫಾನ್’ ಅಂದರೆ ಬರೀ ಸಾಯುವುದು. ಹಸಿವೋ, ಕಾಯಿಲೆಯೋ, ಕತ್ತಿಯೋ, ಕಾರಣ ಯಾವುದಾದರೂ ಸರಿ. ಜರ್ಮನ್ನಿನ ‘ಶ್ಟೆರ್ಬೆನ್’, ಡಚ್ಚಿನ ‘ಸ್ಟೆರ್ವೆನ್’ಗೆ ಇವತ್ತಿಗೂ ಅದೇ ಅರ್ಥ. 14ನೇ ಶತಮಾನದಲ್ಲಿ ಇಂಗ್ಲಿಷ್ ಕವಿ ಚಾಸರ್, ಕ್ರಿಸ್ತ ಶಿಲುಬೆಯ ಮೇಲೆ ‘ಸ್ಟಾರ್ಫ್’ ಅಂತ ಬರೆದ. ಪ್ರಾಣಬಿಟ್ಟ ಅಂತಷ್ಟೇ, ಈಗಿನ ಅರ್ಥ ಹಚ್ಚಿದರೆ ಉಪವಾಸ ಬಿದ್ದು ಸತ್ತ ಅಂತಾಗಿ ಅಭಾಸ.

ಆಮೇಲೆ ‘ಡೈ’ (ಬಹುಶಃ ನಾರ್ಸ್, ಅಂದರೆ ಸ್ಕ್ಯಾಂಡಿನೇವಿಯಾದ ಹಳೆಯ ಭಾಷೆಯ ಮೂಲದ್ದು) ಸಾಯುವುದಕ್ಕೆ ಸಾಮಾನ್ಯ ಪದವಾಗಿ ನೆಲೆಯೂರಿತು. ಹಳೆಯ ಪದ ಹೆಚ್ಚಾಗಿ ‘ಹಸಿವಿನಿಂದ’, ‘ಚಳಿಯಿಂದ’ ಅನ್ನೋ ಮಾತುಗಳ ಜೊತೆಗೇ ಬರತೊಡಗಿತು. ಕ್ರಮೇಣ ‘ಹಸಿವಿನಿಂದ’ ಅಂತ ಬಿಡಿಸಿ ಹೇಳೋದು ಬಿಟ್ಟುಹೋಯಿತು, ಆ ಅರ್ಥ ಕ್ರಿಯಾಪದದೊಳಗೇ ಸೇರಿಕೊಂಡಿತು. 16ನೇ ಶತಮಾನದ ಹೊತ್ತಿಗೆ ಇದು ಬಳಕೆಗೆ ಬಂದಾಗಿತ್ತು. ಚಳಿಯ ಅರ್ಥ ಉಳಿದದ್ದು ಮುಖ್ಯವಾಗಿ ಉತ್ತರದ ಆಡುಮಾತಿನಲ್ಲಿ.

ಉತ್ತರ 2:
ಜರ್ಮನ್ ‘ಬ’ಗೆ ಇಂಗ್ಲಿಷಲ್ಲಿ ‘ವ’ ಬರೋದು ಕಾಕತಾಳೀಯ ಅಲ್ಲ: ಗೇಬೆನ್–ಗಿವ್, ಹಾಬೆನ್–ಹ್ಯಾವ್, ಲೇಬೆನ್–ಲಿವ್. ಇನ್ನು ಹಿಂದಿನ ರೂಪ ‘ಸ್ಟೆರ್ವ್’ ‘ಸ್ಟಾರ್ವ್’ ಆದದ್ದು, ನಕ್ಷತ್ರದ ‘ಸ್ಟೆರ್ರೆ’ ‘ಸ್ಟಾರ್’ ಆದ ದಾರಿಯಲ್ಲೇ. ಬ್ರಿಟಿಷರು ಕ್ಲರ್ಕ್ ಅನ್ನು ‘ಕ್ಲಾರ್ಕ್’ ಅನ್ನೋದೂ ಅದರದೇ ಪಳೆಯುಳಿಕೆ. ಅಲ್ಲಿ ಉಚ್ಚಾರಣೆ ಬದಲಾಯಿತು, ಕಾಗುಣಿತ ಅಲ್ಲೇ ನಿಂತಿತು.

‘ಸ್ಟಾರ್ವೇಷನ್’ ಮಾತ್ರ ವಿಚಿತ್ರ ಪ್ರಾಣಿ: ಅಪ್ಪಟ ಇಂಗ್ಲಿಷ್ ಧಾತುವಿಗೆ ಲ್ಯಾಟಿನ್ ಪ್ರತ್ಯಯ. ಹುಟ್ಟಿದ್ದು 18ನೇ ಶತಮಾನದಲ್ಲಿ, ಅಂದರೆ ಕ್ರಿಯಾಪದಕ್ಕಿಂತ ಎಷ್ಟೋ ಶತಮಾನ ತಡವಾಗಿ.

ಉತ್ತರ 3:
ಹಳೆಯ ಇಂಗ್ಲಿಷಲ್ಲಿ ಸಾಯೋದಕ್ಕೆ ‘ಸ್ವೆಲ್ಟಾನ್’ ಅಂತ ಇನ್ನೊಂದು ಪದವಿತ್ತು. ಅದರಿಂದ ಬಂದದ್ದೇ ‘ಸ್ವೆಲ್ಟರ್’, ಸೆಕೆಯಲ್ಲಿ ಬೇಯೋದು. ಒಂದು ಸಾವು ಚಳಿ-ಹಸಿವಿನ ಕಡೆ ಹೋಯ್ತು, ಇನ್ನೊಂದು ಬಿಸಿಲಿಗೆ!

ಹಳೆಯ ಪಠ್ಯ ಅನುವಾದ ಮಾಡುವವರು ಮೊದಲು ಕಾಲ ನೋಡಬೇಕು. ಚಾಸರ್ ಕಾಲದ್ದಾದರೆ ‘ಸಾಯು’ ಅಂತ ಹಿಡಿದು, ಹಸಿವು ಅಂತ ಪಠ್ಯದಲ್ಲೇ ಇದ್ದರೆ ಮಾತ್ರ ಸೇರಿಸಿ. ಆಮೇಲಿನದ್ದಕ್ಕೆ ಕಾಲ ಸಾಲದು, ಪಾತ್ರದ ಊರನ್ನೂ ನೋಡಬೇಕು. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರಿನವರ ಬಾಯಲ್ಲಿ, ಸುತ್ತಮುತ್ತ ಹಿಮ, ಗಾಳಿ, ಒದ್ದೆ ಬಟ್ಟೆ ಇದ್ದರೆ ಚಳಿಯೇ ಇರುತ್ತೆ. ಇಂದಿನ ತಾಂತ್ರಿಕ ಬರಹದಲ್ಲಿ ಎರಡೂ ಅಲ್ಲ, ಬರೀ ಕೊರತೆ: ಎಂಜಿನ್‌ಗೆ ಇಂಧನ ಸಿಗದಿರೋದು, ಆಪರೇಟಿಂಗ್ ಸಿಸ್ಟಮ್‌ನಲ್ಲಿ ಕಡಿಮೆ ಆದ್ಯತೆಯ ಪ್ರೋಸೆಸ್‌ಗೆ ಸಿಪಿಯು ಸರದಿ ಬರದೇ ಇರೋದು.