ಗಟ್ಟಿ ಸೊಪ್ಪು, ಬೀನ್ಸ್ ಕಾಳು, ಸಾಸೇಜ್: ಯಾವುದನ್ನು ಯಾವಾಗ ಹಾಕಬೇಕು?

ಸೊಪ್ಪಿನಬುಟ್ಟಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕೇಲ್ ಸೊಪ್ಪು, ಬಿಳಿ ಬೀನ್ಸ್ ಕಾಳು, ಸಾಸೇಜ್ ಮೂರೂ ಸೇರಿಸಿ ಮಂದವಾದ ಸೂಪ್ ಮಾಡೋದು ನಮ್ಮನೆಯಲ್ಲಿ ಎಲ್ಲರಿಗೂ ಇಷ್ಟ. ಅದೊಂದಿದ್ದರೆ ಊಟಕ್ಕೆ ಬೇರೇನೂ ಬೇಡ. ಆದರೆ ಮೂರೂ ಒಟ್ಟಿಗೆ ಹದಕ್ಕೆ ಬರುವುದೇ ಇಲ್ಲ. ಒಂದು ದಿನ ಸೊಪ್ಪು ಬೇಯುವಷ್ಟರಲ್ಲಿ ಕಾಳು ಒಡೆದು ಕಲಸಿಹೋಗಿರುತ್ತೆ. ಇನ್ನೊಂದು ದಿನ ಎಷ್ಟು ಕುದಿಸಿದರೂ ಕಾಳಿನ ನಡುವೆ ಗಟ್ಟಿ. ಸಾಸೇಜ್ ಅಂತೂ ಬಿಳಿಚಿಕೊಂಡು ರಬ್ಬರಿನ ಹಾಗೆ ಆಗುತ್ತೆ.

ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ ಎಲ್ಲ ಹಾಕಿ, ಕಾಳು, ಸೊಪ್ಪು, ಸಾಸೇಜ್ ಸೇರಿಸಿ, ನೀರು ಸುರಿದು ಕುದಿಯಲು ಇಡುತ್ತೇನೆ. ಯಾವುದನ್ನು ಮೊದಲು ಹಾಕಬೇಕು? ಸೊಪ್ಪಿನ ಕಹಿ ತೆಗೆಯೋದು ಹೇಗೆ? ದಂಟು ಬಿಸಾಡಬೇಕಾ? ಡಬ್ಬಿಯ ಕಾಳು ನಡೆಯುತ್ತಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಸಣ್ಣಉರಿ ಬರೆದದ್ದು:

ನಾನು ಚಳಿ ಶುರುವಾದರೆ ವಾರಕ್ಕೊಮ್ಮೆಯಾದರೂ ಇದನ್ನು ಮಾಡುವವನು. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಕಾಳು ಗಟ್ಟಿ ಉಳಿಯೋದಕ್ಕೆ ಕಾರಣ ಬಹುಶಃ ಟೊಮೆಟೊ. ಕಾಳನ್ನು ಒಳಗಿಂದ ಬಿಗಿಯಾಗಿ ಹಿಡಿದಿಡುವುದು ಪೆಕ್ಟಿನ್. ಬೇಯುವಾಗ ಅದು ಕರಗಬೇಕು, ಆಗಲೇ ಕಾಳು ಮೆತ್ತಗಾಗೋದು. ನೀರಿನಲ್ಲಿ ಹುಳಿ ಇದ್ದರೆ ಅದು ಸುಲಭವಾಗಿ ಕರಗುವುದಿಲ್ಲ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಕೂಡ ಇದೇ ಕೆಲಸ ಮಾಡುತ್ತೆ. ಹಾಗಾಗಿ ಟೊಮೆಟೊ, ನಿಂಬೆ, ವಿನೆಗರ್ ಏನೇ ಇದ್ದರೂ ಕಾಳು ಪೂರ್ತಿ ಬೆಂದ ಮೇಲೆಯೇ ಹಾಕಿ. ತುಂಬಾ ಹಳೆಯ ಕಾಳಾದರೆ ಏನು ಮಾಡಿದರೂ ಕಷ್ಟವೇ. ಚಿಟಿಕೆ ಅಡುಗೆ ಸೋಡಾ ಹಾಕಿ ನೋಡಬಹುದು. ಜಾಸ್ತಿ ಆದರೆ ಸೋಪಿನ ರುಚಿ ಬರುತ್ತೆ.

ಮೂರನ್ನೂ ಬೇರೆ ಬೇರೆಯಾಗಿ ಹದಕ್ಕೆ ತಂದು, ಕೊನೆಗೆ ಸಾಸೇಜಿನ ಬಾಣಲೆಯಲ್ಲಿ ಕೂಡಿಸಿ. ಪಾತ್ರೆ ಒಂದೆರಡು ಹೆಚ್ಚು ತೊಳೆಯಬೇಕು, ಆದರೆ ರುಚಿಗೆ ಬೇರೆ ದಾರಿ ನನಗೆ ಕಂಡಿಲ್ಲ. ನಾಲ್ಕು ಜನಕ್ಕೆ ಒಂದು ಕಪ್ ಒಣ ಕಾಳು, 300 ಗ್ರಾಂ ಕೇಲ್, 350 ಗ್ರಾಂ ಸಾಸೇಜ್ ಇದ್ದರೆ ಧಾರಾಳ. ಒಂದು ಕಪ್ ಕಾಳು ಬೆಂದಾಗ ಹೆಚ್ಚುಕಡಿಮೆ 3 ಕಪ್ ಆಗುತ್ತೆ.

ರಾತ್ರಿಯೇ ಕಾಳು ನೆನೆಸಿ. ನೆನೆಸುವ ನೀರಿಗೆ ಲೀಟರಿಗೆ ಒಂದು ದೊಡ್ಡ ಚಮಚದಂತೆ ಉಪ್ಪು ಹಾಕಿ. ಉಪ್ಪು ಹಾಕಿದರೆ ಕಾಳು ಬೇಯಲ್ಲ ಅನ್ನುವ ಮಾತನ್ನು ಇಲ್ಲಿ ನಂಬಬೇಡಿ. ಉಪ್ಪಿನ ಸೋಡಿಯಂ ಸಿಪ್ಪೆಯಲ್ಲಿರುವ ಕ್ಯಾಲ್ಸಿಯಂ ಜಾಗದಲ್ಲಿ ಕೂತು ಸಿಪ್ಪೆಯನ್ನು ಮೆದು ಮಾಡುತ್ತೆ. ಕಾಳು ಒಡೆಯೋದೂ ಕಡಿಮೆ. ಬೆಳಗ್ಗೆ ಆ ನೀರು ಚೆಲ್ಲಿ ಹೊಸ ನೀರು ಹಾಕಿ. ಒಮ್ಮೆ ಚೆನ್ನಾಗಿ ಕುದಿ ಬಂದು 10 ನಿಮಿಷ ಆದಮೇಲೆ ಉರಿ ಇಳಿಸಿ. ಕೊತಕೊತ ಕುದಿಸುತ್ತಲೇ ಇದ್ದರೆ ಕಾಳು ಒಂದಕ್ಕೊಂದು ಬಡಿದು ಒಡೆಯುತ್ತೆ. ಬೆಂದಿದೆಯಾ ಅಂತ ಒಂದೇ ಕಾಳು ನೋಡಿ ನಿರ್ಧರಿಸಬೇಡಿ. ನಾಲ್ಕೈದು ತೆಗೆದು ನಾಲಿಗೆಯಿಂದ ಅಂಗುಳಿಗೆ ಒತ್ತಿ. ಎಲ್ಲವೂ ನುಣ್ಣಗೆ ಕರಗಿದರೆ ಆಯಿತು. ಬಸಿದ ಕಟ್ಟನ್ನು ದಯವಿಟ್ಟು ಚೆಲ್ಲಬೇಡಿ, ಸೂಪಿನ ಜೀವ ಅದರಲ್ಲೇ ಇದೆ.

ಡಬ್ಬಿಯ ಕಾಳು ಖಂಡಿತ ನಡೆಯುತ್ತೆ. ಅದು ಆಗಲೇ ಬೆಂದಿರುತ್ತೆ, ಕೊನೆಯ 10 ನಿಮಿಷಕ್ಕೆ ಹಾಕಿದರೆ ಸಾಕು.

ಈಗ ಸಾಸೇಜ್. ನನಗೆ ಇಡೀ ಅಡುಗೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು. ನೀರಿನಲ್ಲಿ ಬೇಯಿಸಿದರೆ ಅದು ಎಂದಿಗೂ ಕೆಂಪಗಾಗುವುದಿಲ್ಲ. ನೀರು 100 ಡಿಗ್ರಿಗಿಂತ ಮೇಲೆ ಹೋಗಲ್ಲ, ಮಾಂಸ ಚೆನ್ನಾಗಿ ಕೆಂಪಗಾಗಲು 140 ಡಿಗ್ರಿ ಆಸುಪಾಸು ಬೇಕು. ಹಸಿ ಸಾಸೇಜ್ ಆದರೆ ಮೇಲಿನ ಪೊರೆ ಸೀಳಿ, ಒಳಗಿನ ಮಾಂಸವನ್ನು ದೊಡ್ಡ ತುಣುಕುಗಳಾಗಿ ಬಾಣಲೆಗೆ ಹಾಕಿ. ನಡುಮಧ್ಯಮ ಉರಿ ಇರಲಿ. ಮೊದಲು ನೀರು ಬಿಡುತ್ತೆ, ಬೊಳಬೊಳ ಸದ್ದು ಬರುತ್ತೆ. ಸ್ವಲ್ಪ ಹೊತ್ತಿಗೆ ನೀರು ಆರಿ ಸದ್ದು ಚುರುಚುರು ಆಗುತ್ತೆ. ಆಮೇಲೆ ಕೈ ಹಾಕಬೇಡಿ. ಮೂರು ನಿಮಿಷ ಸುಮ್ನೆ ಬಿಡಿ. ತಳದ ಕಡೆ ಗಾಢ ಕಂದು ಬಂದ ಮೇಲೆ ತಿರುವಿ. ತುಣುಕುಗಳು ಒತ್ತೊತ್ತಾಗಿದ್ದರೆ ಹಬೆಯಲ್ಲೇ ಬೇಯುತ್ತವೆ, ಅದಕ್ಕೆ ಎರಡು ಸಲಕ್ಕೆ ಹಾಕಿ. ಕೆಂಪಗಾದದ್ದನ್ನು ತಟ್ಟೆಗೆ ತೆಗೆದಿಡಿ. ಸ್ಮೋಕ್ ಮಾಡಿ ಬೇಯಿಸಿಯೇ ಮಾರುವ ಸಾಸೇಜ್ ಆದರೆ ಬಿಲ್ಲೆ ಕತ್ತರಿಸಿ ಎರಡೂ ಬದಿ ಕೆಂಪಗೆ ಮಾಡಿದರೆ ಮುಗಿಯಿತು.

ಅದೇ ಕೊಬ್ಬಿನಲ್ಲಿ ಈರುಳ್ಳಿ ಹಾಕಿ. ಈರುಳ್ಳಿ ಬಿಡುವ ನೀರಿಗೆ ತಳ ಹಿಡಿದ ಕಂದು ಪದರ ತಾನಾಗಿ ಏಳುತ್ತೆ. ಉಳಿದದ್ದನ್ನು ಒಂದು ಸೌಟು ಕಾಳಿನ ಕಟ್ಟು ಹಾಕಿ ಮರದ ಸಟ್ಟುಗದಿಂದ ಕೆರೆಯಿರಿ. ಬೆಳ್ಳುಳ್ಳಿ ಈರುಳ್ಳಿ ಬಾಡಿದ ಮೇಲೆಯೇ ಬೀಳಲಿ, ಇಲ್ಲದಿದ್ದರೆ ಸೀದು ಕಹಿಯಾಗುತ್ತೆ.

ಸೊಪ್ಪು ಯಾವುದು ಅನ್ನೋದರ ಮೇಲೆ ಹೊತ್ತು ಬೇರೆ. ಸ್ವಿಸ್ ಚಾರ್ಡ್ ಎಲೆ ಐದಾರು ನಿಮಿಷಕ್ಕೆ ಬೇಯುತ್ತೆ. ಕೇಲ್‌ಗೆ 15ರಿಂದ 20 ನಿಮಿಷ. ಕಾಲರ್ಡ್ ಎಲೆಗೆ ಮುಕ್ಕಾಲು ಗಂಟೆ ಬೇಕಾದರೂ ಬೇಕು, ಅದನ್ನು ಅವಸರ ಮಾಡಬೇಡಿ. ಕೇಲ್ ದಂಟನ್ನು ಬುಡದಲ್ಲಿ ಹಿಡಿದು, ಇನ್ನೊಂದು ಕೈಯ ಎರಡು ಬೆರಳ ನಡುವೆ ಎಲೆ ಸಿಗಿಸಿ ಮೇಲಕ್ಕೆ ಎಳೆದರೆ ಎಲೆ ಬಿಡಿಸಿಕೊಂಡು ಬರುತ್ತೆ. ಆ ದಂಟಿನಲ್ಲಿ ನಾರು ಜಾಸ್ತಿ. ಎಳೆಯದಾದರೆ ಸಣ್ಣಗೆ ಹೆಚ್ಚಿ ಈರುಳ್ಳಿ ಜೊತೆ ಹಾಕಿ. ಚಾರ್ಡ್ ದಂಟನ್ನಂತೂ ಬಿಸಾಡಲೇಬೇಡಿ, ಎಲೆಗಿಂತ ಹತ್ತು ನಿಮಿಷ ಮೊದಲು ಹಾಕಿದರೆ ರುಚಿಯಾಗಿರುತ್ತೆ.

ಕಹಿ ಜಾಸ್ತಿ ಅನಿಸಿದರೆ ಎಲೆಯನ್ನು ಕುದಿಯುವ ಉಪ್ಪುನೀರಿನಲ್ಲಿ ಎರಡು ಮೂರು ನಿಮಿಷ ಮುಳುಗಿಸಿ, ಬಸಿದು, ಹಿಂಡಿ. ಕಹಿ ಕೊಡುವ ಗ್ಲುಕೋಸಿನೊಲೇಟ್ ನೀರಿಗೆ ಇಳಿಯುತ್ತೆ. ಸಾಸಿವೆ ಸೊಪ್ಪಿಗೂ ಇದೇ ಉಪಾಯ. ಆದರೆ ಪೂರ್ತಿ ಕಹಿ ತೆಗೆಯಬೇಡಿ ಅಂತ ನನ್ನ ಮನವಿ. ಸಾಸೇಜಿನ ಕೊಬ್ಬಿಗೆ ಎದುರು ನಿಲ್ಲೋಕೆ ಆ ಸ್ವಲ್ಪ ಕಹಿ ಬೇಕೇ ಬೇಕು.

ಈರುಳ್ಳಿ ಬಾಡಿದ ಬಾಣಲೆಗೆ ಸೊಪ್ಪು, ಕಟ್ಟು ಹಾಕಿ ಮುಚ್ಚಿ. ಸೊಪ್ಪು ಬೆಂದ ಮೇಲೆ ಕಾಳು ಮತ್ತು ಬೇಕಿದ್ದರೆ ಟೊಮೆಟೊ. ಹತ್ತು ನಿಮಿಷ ಬಿಟ್ಟು ಸಾಸೇಜ್. ಒಂದು ಹಿಡಿ ಕಾಳನ್ನು ಸೌಟಿನ ಹಿಂಬದಿಯಲ್ಲಿ ಮಸೆದರೆ ಸೂಪ್ ತಾನಾಗಿ ಮಂದವಾಗುತ್ತೆ. ನಿಂಬೆರಸ ಒಲೆ ಆರಿಸಿದ ಮೇಲೆ. ಹುಳಿಯಲ್ಲಿ ಕುದಿದರೆ ಹಸಿರು ಬಣ್ಣದ ಕ್ಲೋರೊಫಿಲ್ ತನ್ನ ಮೆಗ್ನೀಸಿಯಂ ಕಳೆದುಕೊಂಡು ಎಲೆ ಮಂಕಾಗುತ್ತೆ.

ಕಾಳುಗಡಿಗೆ ಬರೆದದ್ದು:

ಸಣ್ಣಉರಿ ಅವರು ಚೆನ್ನಾಗಿ ಬರೆದಿದ್ದಾರೆ. ಒಂದೇ ಒಂದು ಮಾತು ಸೇರಿಸಬೇಕು. ಬಿಳಿ ಕಾಳಿನ ಬದಲು ರಾಜ್ಮಾ ಹಾಕುವವರು ಅದನ್ನು ಹಸಿಯಾಗಿ ಸ್ಲೋ ಕುಕ್ಕರ್‌ಗೆ ಹಾಕಲೇಬಾರದು. ಹಸಿ ರಾಜ್ಮಾದಲ್ಲಿ ಫೈಟೊಹೀಮಗ್ಲುಟಿನಿನ್ ಅನ್ನುವ ಲೆಕ್ಟಿನ್ ತುಂಬಾ ಇರುತ್ತೆ. ಸರಿಯಾಗಿ ಬೇಯದ ನಾಲ್ಕೈದು ಕಾಳು ತಿಂದರೂ ಒಂದರಿಂದ ಮೂರು ಗಂಟೆಯೊಳಗೆ ವಾಂತಿ ಶುರುವಾಗಬಹುದು, ಹಿಂದೆಯೇ ಭೇದಿ. ಸ್ಲೋ ಕುಕ್ಕರ್‌ನ ಕಡಿಮೆ ಶಾಖದಲ್ಲಿ ಈ ವಿಷ ನಾಶವಾಗುವುದಿಲ್ಲ. 80 ಡಿಗ್ರಿಯಲ್ಲಿ ಅರೆಬೆಂದ ಕಾಳು ಹಸಿ ಕಾಳಿಗಿಂತಲೂ ಕೆಟ್ಟದ್ದು. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಜೋರಾಗಿ ಕುದಿಸಿ. 10 ನಿಮಿಷ ಕಡಿಮೆಯೆಂದರೂ ಬೇಕು, 30 ಆದರೆ ನಿಶ್ಚಿಂತೆ. ಬಿಳಿ ಕಾಳಿನಲ್ಲಿ ಇದು ಕಡಿಮೆ ಇದ್ದರೂ ಜೋರು ಕುದಿ ತಪ್ಪಿಸಬೇಡಿ. ಡಬ್ಬಿಯ ಕಾಳಿಗೆ ಈ ಭಯ ಇಲ್ಲ.

ಹಸಿ ಸಾಸೇಜ್ ಒಳಗೂ ಬೆಂದಿರಬೇಕು. ಥರ್ಮಾಮೀಟರ್ ಇದ್ದರೆ ಹಂದಿ, ದನದ ಮಾಂಸದ್ದಕ್ಕೆ 71 ಡಿಗ್ರಿ, ಕೋಳಿಯದಕ್ಕೆ 74 ಡಿಗ್ರಿ ನೋಡಿ.

ಸೊಪ್ಪಿನಬುಟ್ಟಿ ಬರೆದದ್ದು:

ಇಬ್ಬರಿಗೂ ತುಂಬಾ ಧನ್ಯವಾದ. ರಾಜ್ಮಾ ವಿಷಯ ಗೊತ್ತೇ ಇರಲಿಲ್ಲ. ಇನ್ನೆರಡು ಸಂಶಯ. ಕಾಳನ್ನು ಪ್ರೆಶರ್ ಕುಕ್ಕರ್‌ನಲ್ಲಿ ಬೇಯಿಸಬಹುದಾ? ಉಪ್ಪು ಯಾವಾಗ ಹಾಕಲಿ? ನಮ್ಮನೆಯಲ್ಲಿ ಒಬ್ಬರಿಗೆ ರಕ್ತ ತೆಳುವಾಗಲು ವಾರ್ಫರಿನ್ ಮಾತ್ರೆ ಇದೆ, ಅವರೂ ತಿನ್ನುತ್ತಾರೆ.

ಸಣ್ಣಉರಿ ಬರೆದದ್ದು:

ಕುಕ್ಕರ್ ಆಗುತ್ತೆ, ಅದರ ಶಾಖಕ್ಕೆ ಆ ಲೆಕ್ಟಿನ್ ಕೂಡ ಉಳಿಯಲ್ಲ. ಆದರೆ ನೆನೆಸಿದ ಬಿಳಿ ಕಾಳು ಅದರಲ್ಲಿ ಬೇಗ ಒಡೆಯುತ್ತೆ. ಹಬೆ ತಾನಾಗಿ ಇಳಿಯಲು ಬಿಡಿ. ತಟ್ಟನೆ ಹಬೆ ಬಿಟ್ಟರೆ ಒಳಗೆ ಕಾಳು ಕುದಿದು ಸಿಡಿಯುತ್ತೆ. ಉಪ್ಪನ್ನು ಸಾಸೇಜ್ ಸೇರಿದ ಮೇಲೆಯೇ ರುಚಿ ನೋಡಿ ಹಾಕಿ. ಅದರಲ್ಲೇ ಸಾಕಷ್ಟು ಇರುತ್ತೆ, ಡಬ್ಬಿಯ ಕಾಳಾದರೆ ಅದರದ್ದೂ ಸೇರುತ್ತೆ.

ವಾರ್ಫರಿನ್ ವಿಷಯ ಕೇಳಿದ್ದು ಒಳ್ಳೆಯದಾಯಿತು. ಕೇಲ್, ಕಾಲರ್ಡ್, ಚಾರ್ಡ್ ಎಲ್ಲದರಲ್ಲೂ ವಿಟಮಿನ್ ಕೆ ಬಹಳ. ಅದು ಆ ಮಾತ್ರೆಗೆ ಎದುರಾಗಿ ಕೆಲಸ ಮಾಡುತ್ತೆ. ಒಂದು ವಾರ ಬಟ್ಟಲುಗಟ್ಟಲೆ ತಿಂದು ಮುಂದಿನ ವಾರ ಪೂರ್ತಿ ಬಿಡುವುದು ಅಪಾಯ. ಎಷ್ಟು ತಿನ್ನಬಹುದು ಅಂತ ಅವರ ಡಾಕ್ಟರ್ ಹತ್ತಿರ ಮೊದಲೇ ಕೇಳಿ, ಅಲ್ಲಿಯತನಕ ಅವರ ಪಾಲಿನ ಸೊಪ್ಪನ್ನು ಏಕಾಏಕಿ ಹೆಚ್ಚಿಸಬೇಡಿ, ಕಡಿಮೆಯೂ ಮಾಡಬೇಡಿ.

ಉಳಿದ ಸೂಪನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಇಟ್ಟರೆ ಮೂರು ನಾಲ್ಕು ದಿನ ಬರುತ್ತೆ. ಮರುದಿನ ಅದು ಗಟ್ಟಿಯಾಗಿರುತ್ತೆ, ಬಿಸಿ ಮಾಡುವಾಗ ಎತ್ತಿಟ್ಟ ಕಟ್ಟು ಒಂದು ಲೋಟ ಸೇರಿಸಿಕೊಳ್ಳಿ.